ಸಾರು ಆರದಷ್ಟು ದೂರ

ಲಂಡನ್ ಎಂದೊಡನೆ ಬಿಗ್ ಬೆನ್ ಗಡಿಯಾರ, ಥೇಮ್ಸ್ ನದಿ, ಟವರ್ ಸೇತುವೆ, ಅರಮನೆಯ ಮುಂದೆ ಕೆಂಪು ಅಂಗಿ ತೊಟ್ಟ ಕಾವಲುಗಾರರು ಕಣ್ಣ ಮುಂದೆ ಬರುತ್ತಾರೆ. ಪ್ರವಾಸಿಗಳನ್ನು ತುಂಬಿಕೊಂಡ ಬಸ್ಸುಗಳು ಸುತ್ತುವುದೂ ಈ ಜಾಗಗಳನ್ನೇ. ಆದರೆ ಲಿವರ್‌ಪೂಲ್ ಸ್ಟ್ರೀಟ್ ಎಂಬ ದೊಡ್ಡ ರೈಲು ನಿಲ್ದಾಣದಲ್ಲಿ ನೆಲದಡಿಯ ಸೆಂಟ್ರಲ್ ಲೈನ್ ರೈಲು ಹತ್ತಿ ಪೂರ್ವಕ್ಕೆ ಒಂದೇ ಒಂದು ನಿಲ್ದಾಣ ಹೋದರೆ ಬೆತ್ನಲ್ ಗ್ರೀನ್ ಎಂಬ ಬಡಾವಣೆ ಸಿಗುತ್ತದೆ. ಅಲ್ಲಿ ಅರಮನೆಯಿಲ್ಲ, ಗೋಪುರವಿಲ್ಲ. ಸಂತೆಬೀದಿ, ಹಳೆಯ ಇಟ್ಟಿಗೆ ಮನೆಗಳು, ಕೌನ್ಸಿಲ್ ಕಟ್ಟಿದ ವಸತಿ ಗೃಹಗಳು, ಮಧ್ಯೆ ಒಂದಷ್ಟು ಹಸಿರು. ಆದರೂ ಸಮಾಜಶಾಸ್ತ್ರ ಓದುವವರಿಗೆ ಈ ಊರು ಒಂದು ಯಾತ್ರಾಸ್ಥಳವಿದ್ದಂತೆ. ಕಾರಣ, 1950ರ ದಶಕದಲ್ಲಿ ಇಲ್ಲಿನ ಮನೆಮನೆಯ ಬಾಗಿಲು ತಟ್ಟಿ ಕೇಳಿದ ಕೆಲವು ಸರಳ ಪ್ರಶ್ನೆಗಳು. ನಿಮ್ಮ ತಾಯಿ ಎಲ್ಲಿದ್ದಾರೆ? ಎಷ್ಟು ದೂರ? ಅವರನ್ನು ಕಡೆಯ ಸಲ ನೋಡಿದ್ದು ಯಾವಾಗ?

ವಯಸ್ಸಾದ ತಾಯಿ ಬೆಳೆದ ಮಕ್ಕಳಿಂದ ಎಷ್ಟು ದೂರದಲ್ಲಿದ್ದರೆ ಚೆನ್ನ? ಒಂದೇ ಸೂರಿನಡಿಯೇ, ಪಕ್ಕದ ಬೀದಿಯಲ್ಲೇ, ಪಕ್ಕದ ಊರಿನಲ್ಲೇ? ಈ ಪ್ರಶ್ನೆಗೆ ಅಳತೆಗೋಲು ಕೊಟ್ಟವರು ಸಮಾಜಶಾಸ್ತ್ರಜ್ಞರಲ್ಲ, ಒಬ್ಬ ವೈದ್ಯರು. ಬರ್ಮಿಂಗ್‌ಹ್ಯಾಮ್ ನಗರದ ಬಳಿಯ ವುಲ್ವರ್‌ಹ್ಯಾಂಪ್ಟನ್ ಎಂಬ ಕೈಗಾರಿಕಾ ಪಟ್ಟಣದಲ್ಲಿ ಡಾ. ಜೆ.ಎಚ್. ಶೆಲ್ಡನ್ ಎಂಬವರು ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಮುದುಕ ಮುದುಕಿಯರ ಮನೆಗಳಿಗೇ ಹೋಗಿ ಅವರ ಆರೋಗ್ಯ, ಊಟ, ಓಡಾಟಗಳನ್ನು ಪರಿಶೀಲಿಸಿದರು. 1948ರಲ್ಲಿ ಅವರ ವರದಿ ಪುಸ್ತಕವಾಗಿ ಬಂತು. ಒಂಟಿಯಾಗಿದ್ದಾರೆ ಎಂದು ಸರ್ಕಾರಿ ಲೆಕ್ಕದಲ್ಲಿ ಬರೆದಿದ್ದ ಎಷ್ಟೋ ವೃದ್ಧರು ನಿಜವಾಗಿ ಒಂಟಿಯಾಗಿರಲಿಲ್ಲ ಎಂಬುದನ್ನು ಅವರು ಕಂಡರು. ಮಗನೋ ಮಗಳೋ 'ಹತ್ತಿರ'ದಲ್ಲೇ ಇದ್ದರು. ಆದರೆ ಹತ್ತಿರ ಎಂದರೆ ಎಷ್ಟು? ಶೆಲ್ಡನ್ ಅದನ್ನು ಮೈಲಿಯಲ್ಲಿ ಹೇಳುವ ಬದಲು ಅಡುಗೆಮನೆಯ ಲೆಕ್ಕದಲ್ಲಿ ಹೇಳಿದರು. ಒಂದು ಮನೆಯಲ್ಲಿ ಮಾಡಿದ ಬಿಸಿ ಅಡುಗೆಯನ್ನು ಇನ್ನೊಂದು ಮನೆಗೆ ಒಯ್ದಾಗ ಮತ್ತೆ ಕಾಯಿಸುವ ಅಗತ್ಯ ಬೀಳದಿದ್ದರೆ ಅದು ಹತ್ತಿರ. ನಡಿಗೆಯಲ್ಲಿ ಸುಮಾರು 5 ನಿಮಿಷ.

ಜಪಾನಿನಲ್ಲಿಯೂ ಇಂಥದೇ ಮಾತು ಬಳಕೆಯಲ್ಲಿದೆ. ತಂದೆತಾಯಿ ಮತ್ತು ಮದುವೆಯಾದ ಮಕ್ಕಳು 'ಸೂಪು ಆರದಷ್ಟು ದೂರ'ದಲ್ಲಿರಬೇಕು ಎಂದು ಅಲ್ಲಿನವರು ಹೇಳುತ್ತಾರೆ. ಕನ್ನಡದಲ್ಲಾದರೆ 'ಸಾರು ಆರದಷ್ಟು ದೂರ' ಎನ್ನಬಹುದು. ಈ ದೂರ ಕೈತಪ್ಪಿ ಹೋದರೆ ಏನಾಗುತ್ತದೆ ಎಂಬುದಕ್ಕೆ ಬೆತ್ನಲ್ ಗ್ರೀನ್‌ಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಎರಡು ಬೀದಿಯಾಚೆ ಅಮ್ಮ

ಬೆತ್ನಲ್ ಗ್ರೀನ್ ಒಂದು ಕಾಲಕ್ಕೆ ರೇಷ್ಮೆ ನೇಕಾರರ ಊರು. ಆಮೇಲೆ ಬಡಗಿಗಳು, ದರ್ಜಿಗಳು, ಬಂದರಿನ ಕೂಲಿಗಳು, ಸಂತೆ ವ್ಯಾಪಾರಿಗಳು ನೆಲೆಸಿದರು. ಇದರ ಪಶ್ಚಿಮದ ಅಂಚಿನಲ್ಲಿದ್ದ ಓಲ್ಡ್ ನಿಕೋಲ್ ಎಂಬ ಕೊಳೆಗೇರಿಯನ್ನು ಕೆಡವಿ ಲಂಡನ್ ಕೌಂಟಿ ಕೌನ್ಸಿಲ್ ಕಟ್ಟಿಸಿದ ಬೌಂಡರಿ ಎಸ್ಟೇಟ್ 1900ರಲ್ಲಿ ಉದ್ಘಾಟನೆಯಾಯಿತು. ಬ್ರಿಟನ್ನಿನ ಅತಿ ಹಳೆಯ ಕೌನ್ಸಿಲ್ ವಸತಿ ಬಡಾವಣೆಗಳಲ್ಲಿ ಇದೂ ಒಂದು. ವೃತ್ತಾಕಾರದ ಪುಟ್ಟ ದಿಬ್ಬದ ಸುತ್ತ ಹರಡಿರುವ ಅದರ ಕೆಂಪು ಇಟ್ಟಿಗೆ ಕಟ್ಟಡಗಳು ಇಂದಿಗೂ ಗಟ್ಟಿಯಾಗಿವೆ.

ನೆಲದಡಿಯ ನಿಲ್ದಾಣದಿಂದ ಮೇಲೆ ಬಂದವರಿಗೆ ಮೊದಲು ಕಾಣುವುದು ಒಂದು ಸ್ಮಾರಕ. ತಲೆಕೆಳಗಾಗಿ ತೂಗುಬಿಟ್ಟ ಮೆಟ್ಟಿಲ ಸಾಲಿನಂತಿದೆ. ಯುದ್ಧಕಾಲದಲ್ಲಿ ಈ ನಿಲ್ದಾಣ ಇನ್ನೂ ಪೂರ್ತಿಯಾಗಿರಲಿಲ್ಲ. ಬಾಂಬು ದಾಳಿಯ ಸೈರನ್ ಕೂಗಿದಾಗ ಜನ ಆಶ್ರಯಕ್ಕೆಂದು ಇಲ್ಲಿಗೆ ಇಳಿಯುತ್ತಿದ್ದರು. 1943ರ ಮಾರ್ಚ್ 3ರ ರಾತ್ರಿ ಕತ್ತಲೆಯ ಮೆಟ್ಟಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು 173 ಮಂದಿ ಪ್ರಾಣಬಿಟ್ಟರು. ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಅಂದು ಇಲ್ಲಿ ಒಂದೇ ಕುಟುಂಬದ ಹಲವರ ಹೆಸರುಗಳು ಒಟ್ಟಿಗೆ ಅಳಿಸಿಹೋದವು. ಅಕ್ಕತಂಗಿಯರು, ತಾಯಿಮಕ್ಕಳು, ಮೊಮ್ಮಕ್ಕಳು ಎಲ್ಲರೂ ಅಕ್ಕಪಕ್ಕದ ಬೀದಿಗಳಲ್ಲೇ ಬಾಳುತ್ತಿದ್ದ ಊರು ಇದು.

ಯುದ್ಧ ಮುಗಿದ ಮೇಲೆ ಮೈಕೇಲ್ ಯಂಗ್ ಮತ್ತು ಪೀಟರ್ ವಿಲ್ಮಟ್ ಎಂಬ ಇಬ್ಬರು ಸಂಶೋಧಕರು ಇಲ್ಲಿ ಬೀಡುಬಿಟ್ಟರು. ಈ ಯಂಗ್ ಸಾಮಾನ್ಯ ವ್ಯಕ್ತಿಯಲ್ಲ. ಬ್ರಿಟನ್ನಿನ ಗ್ರಾಹಕ ಚಳವಳಿಗೆ ಬುನಾದಿ ಹಾಕಿದವರಲ್ಲಿ ಒಬ್ಬರು. ಮನೆಯಲ್ಲೇ ಕುಳಿತು ಪದವಿ ಓದುವ ಮುಕ್ತ ವಿಶ್ವವಿದ್ಯಾಲಯದ ಕಲ್ಪನೆಯನ್ನು ಆ ದೇಶದಲ್ಲಿ ಮೊದಲಿಗೆ ಮುಂದಿಟ್ಟವರಲ್ಲೂ ಅವರ ಹೆಸರಿದೆ. ಯಂಗ್ ಮತ್ತು ವಿಲ್ಮಟ್ ಪೂರ್ವ ಲಂಡನ್ನಿನ ಕುಟುಂಬ ಮತ್ತು ಬಂಧುತ್ವದ ಬಗ್ಗೆ ಬರೆದ ಪುಸ್ತಕ 1957ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರ ಸಹೋದ್ಯೋಗಿ ಪೀಟರ್ ಟೌನ್‌ಸೆಂಡ್ ಇದೇ ಊರಿನ ವೃದ್ಧರ ಬಗ್ಗೆ ಇನ್ನೊಂದು ಪುಸ್ತಕ ಹೊರತಂದರು.

ನಗರದ ಜೀವನ ಎಂದರೆ ಗಂಡ, ಹೆಂಡತಿ, ಮಕ್ಕಳು ಅಷ್ಟೇ, ಬಂಧುಬಳಗವೆಲ್ಲ ಹಳ್ಳಿಯ ಮಾತು ಎಂದು ಆಗಿನ ವಿದ್ವಾಂಸರು ನಂಬಿದ್ದರು. ಬೆತ್ನಲ್ ಗ್ರೀನ್ ಆ ನಂಬಿಕೆಯನ್ನು ಬುಡಮೇಲು ಮಾಡಿತು. ತಾಯಿ ಬದುಕಿದ್ದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದಿನ 24 ಗಂಟೆಯೊಳಗೆ ತಾಯಿಯನ್ನು ನೋಡಿದ್ದರು! ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಮಗಳು ಕೂಸನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ತಾಯಿಯ ಮನೆಗೆ ಬರುವಳು. ಒಂದು ಲೋಟ ಚಹಾ, ನಾಲ್ಕು ಮಾತು. ಇಬ್ಬರೂ ಕೂಡಿ ಪೇಟೆಗೆ ಹೋಗುವರು. ಮಧ್ಯಾಹ್ನ ಶಾಲೆ ಬಿಟ್ಟ ಮೊಮ್ಮಕ್ಕಳು ಅಜ್ಜಿಯ ಮನೆಯಲ್ಲೇ ತಿಂಡಿ ತಿನ್ನುವರು. ಮಗಳ ಹೆರಿಗೆಗೆ ಓಡಿ ಬರುವವಳು ತಾಯಿ, ತಾಯಿ ಹಾಸಿಗೆ ಹಿಡಿದರೆ ನೋಡಿಕೊಳ್ಳುವವಳು ಮಗಳು.

ಕನ್ನಡದ ಓದುಗರಿಗೆ ಇಲ್ಲೊಂದು ಸೋಜಿಗವಿದೆ. ಕರ್ನಾಟಕದ ಬಹುಪಾಲು ಮನೆಗಳಲ್ಲಿ ಮದುವೆಯಾದ ಮಗಳು ಗಂಡನ ಮನೆಗೆ ಹೋಗುತ್ತಾಳೆ, ವಯಸ್ಸಾದ ತಾಯಿ ಮಗನ ಜೊತೆ ಇರುತ್ತಾಳೆ. ಬೆತ್ನಲ್ ಗ್ರೀನ್‌ನಲ್ಲಿ ಅದು ತಿರುವುಮುರುವು. ಅಲ್ಲಿ ಎಳೆ ಬಿಗಿಯಾಗಿದ್ದುದು ತಾಯಿ ಮತ್ತು ಮಗಳ ನಡುವೆ. ಅಳಿಯನೇ ಅತ್ತೆಯ ಬೀದಿಗೆ ಬಂದು ನೆಲೆಸಬೇಕು. ತುಳುನಾಡಿನ ಅಳಿಯಕಟ್ಟಿನಂತೆ ಇದಕ್ಕೆ ಆಸ್ತಿಯ ಕಟ್ಟಳೆಯೇನೂ ಇರಲಿಲ್ಲ, ಹಂಚಿಕೊಳ್ಳಲು ಆಸ್ತಿಯೂ ಇರಲಿಲ್ಲ. ಗಂಡಸಿನ ಕೂಲಿಗೆ ಭರವಸೆಯಿಲ್ಲ, ಯುದ್ಧ, ರೋಗ, ನಿರುದ್ಯೋಗ ಯಾವಾಗ ಎರಗುತ್ತವೋ ತಿಳಿಯದು. ಹೀಗಿರುವಾಗ ಹೆಂಗಸಿಗೆ ಇದ್ದ ಒಂದೇ ವಿಮೆ ಎಂದರೆ ತಾಯಿ.

ಆದರೆ ಪ್ರೀತಿಯಿಂದಷ್ಟೇ ಮನೆ ಹತ್ತಿರ ಸಿಗುವುದಿಲ್ಲ. ಇದರ ಹಿಂದೆ ಒಂದು ಉಪಾಯವಿತ್ತು. ಇಲ್ಲಿನ ಮನೆಗಳು ಖಾಸಗಿ ಮಾಲೀಕರವು. ವಾರಕ್ಕೊಮ್ಮೆ ಬಾಡಿಗೆ ವಸೂಲಿಗೆ ಬರುವ ಗುಮಾಸ್ತನಿಗೆ ತಾಯಿಯ ಪರಿಚಯ ಹಳೆಯದು. ಬೀದಿಯಲ್ಲಿ ಯಾವ ಮನೆ ಖಾಲಿಯಾಗಲಿದೆ ಎಂಬುದು ಅವಳಿಗೆ ಮೊದಲೇ ಗೊತ್ತು. 'ನಮ್ಮ ಹುಡುಗಿಗೆ ಕೊಡಿ, ಬಾಡಿಗೆ ತಪ್ಪಿಸುವವರಲ್ಲ' ಎಂಬ ಅವಳ ಒಂದು ಮಾತೇ ಶಿಫಾರಸು ಪತ್ರ. ಹೀಗೆ ತಾಯಿಯ ಮಾತಿನ ಬಲದಿಂದ ಮಗಳು ಎರಡು ಬೀದಿಯಾಚೆ ನೆಲೆಸುತ್ತಿದ್ದಳು.

ಹತ್ತು ನಿಲ್ದಾಣದಾಚೆ ಮಗಳು

ಈ ಮನೆಗಳೇನೂ ಸ್ವರ್ಗವಾಗಿರಲಿಲ್ಲ. ಎಷ್ಟೋ ಮನೆಗಳಲ್ಲಿ ಸ್ನಾನದ ಕೋಣೆಯಿಲ್ಲ, ಶೌಚಾಲಯ ಹಿತ್ತಲಲ್ಲಿ. ಗೋಡೆಗಳು ತೇವ, ಚಿಮಣಿಗಳ ಹೊಗೆ. ಬಾಂಬು ಬಿದ್ದು ಬಯಲಾದ ನಿವೇಶನಗಳು ಬೇರೆ. ಜನರಿಗೆ ಒಳ್ಳೆಯ ಮನೆ ಕೊಡಬೇಕೆಂದು ಲಂಡನ್ ಕೌಂಟಿ ಕೌನ್ಸಿಲ್ ಯುದ್ಧಾನಂತರ ನಗರದ ಹೊರಗೆ ದೊಡ್ಡ ಬಡಾವಣೆಗಳನ್ನು ಕಟ್ಟಿಸಿತು. ಅವುಗಳಲ್ಲಿ ಒಂದು ಎಸೆಕ್ಸ್ ಜಿಲ್ಲೆಯ ಡೆಬ್ಡೆನ್. ಯಂಗ್ ಮತ್ತು ವಿಲ್ಮಟ್ ತಮ್ಮ ಪುಸ್ತಕದಲ್ಲಿ ಇದಕ್ಕೆ ಗ್ರೀನ್‌ಲೀ ಎಂಬ ಕಲ್ಪಿತ ಹೆಸರಿಟ್ಟಿದ್ದಾರೆ.

ಬೆತ್ನಲ್ ಗ್ರೀನ್ ನಿಲ್ದಾಣ ರೈಲಿಗೆ ತೆರೆದುಕೊಂಡದ್ದು 1946ರ ಡಿಸೆಂಬರ್‌ನಲ್ಲಿ. 1949ರ ಸೆಪ್ಟೆಂಬರ್ ಹೊತ್ತಿಗೆ ಅದೇ ಸೆಂಟ್ರಲ್ ಲೈನ್ ಡೆಬ್ಡೆನ್ ಮುಟ್ಟಿತು. ಇಂದಿಗೂ ಅದೇ ಮಾರ್ಗದಲ್ಲಿ ರೈಲು ಓಡುತ್ತದೆ. ಮೈಲ್ ಎಂಡ್ ದಾಟಿ, 2012ರ ಒಲಿಂಪಿಕ್ಸ್ ನಡೆದ ಸ್ಟ್ರಾಟ್‌ಫರ್ಡ್‌ನಲ್ಲಿ ಬೆಳಕು ಕಂಡು, ಲೇಟನ್, ಲೇಟನ್‌ಸ್ಟನ್‌ಗಳನ್ನು ಹಾದು ರೈಲು ಮುಂದುವರಿದಂತೆ ಎರಡೂ ಬದಿಯ ಮನೆಗಳು ವಿರಳವಾಗುತ್ತವೆ, ಮರಗಳು ಹೆಚ್ಚುತ್ತವೆ. ವುಡ್‌ಫರ್ಡ್, ಬಕ್‌ಹರ್ಸ್ಟ್ ಹಿಲ್, ಲೌಟನ್. ಎಪಿಂಗ್ ಅರಣ್ಯದ ಅಂಚು ಅನತಿ ದೂರದಲ್ಲೇ. ಹತ್ತನೆಯ ನಿಲ್ದಾಣವೇ ಡೆಬ್ಡೆನ್. ಪಯಣ ಸುಮಾರು ಅರ್ಧ ಗಂಟೆ. ನೇರ ಗೆರೆ ಎಳೆದರೆ ಸುಮಾರು 16 ಕಿಲೋಮೀಟರ್.

ಇಲ್ಲಿನ ಬೀದಿಗಳು ಅಗಲ. ಹುಲ್ಲುಹಾಸು, ಎರಡಂತಸ್ತಿನ ಇಟ್ಟಿಗೆ ಮನೆಗಳ ಸಾಲು, ಮನೆಗೊಂದು ಕೈತೋಟ. ಬ್ಯಾಂಕ್ ಆಫ್ ಇಂಗ್ಲೆಂಡ್‌ನ ನೋಟುಗಳು ಅಚ್ಚಾಗುವುದು ಈ ಊರಿನಲ್ಲೇ, 1956ರಿಂದ. ಹೊಗೆಯಲ್ಲಿ ಬೆಳೆದವರು ಇಲ್ಲಿ ಬಂದಿಳಿದಾಗ ಎಷ್ಟು ಹಿಗ್ಗಿರಬೇಕು! ಸ್ನಾನದ ಕೋಣೆ, ನಲ್ಲಿಯ ನೀರು, ಮಕ್ಕಳಿಗೆ ಆಡಲು ಜಾಗ. ಅಮ್ಮನ ಬೀದಿ ಬಿಟ್ಟು ಇಷ್ಟು ದೂರ ಬಂದದ್ದೇಕೆ ಎಂದು ಸಂಶೋಧಕರು ಕೇಳಿದಾಗ ಮತ್ತೆ ಮತ್ತೆ ಬಂದ ಉತ್ತರ ಒಂದೇ. ಮಕ್ಕಳಿಗಾಗಿ. ಮಕ್ಕಳ ಆರೋಗ್ಯಕ್ಕೆ, ಮಕ್ಕಳ ಭವಿಷ್ಯಕ್ಕೆ.

ಬಂದ ಮೇಲೆ ಆದದ್ದೇನು? ಬೆತ್ನಲ್ ಗ್ರೀನ್‌ನಲ್ಲಿದ್ದಾಗ ಈ ಹೆಂಗಸರು ತಮ್ಮ ಮತ್ತು ಗಂಡನ ಕಡೆಯ ತಂದೆತಾಯಿ, ಒಡಹುಟ್ಟಿದವರನ್ನು ಒಟ್ಟು ಸರಾಸರಿ ವಾರಕ್ಕೆ ಸುಮಾರು 17 ಬಾರಿ ನೋಡುತ್ತಿದ್ದರು. ಹೊಸ ಊರಿಗೆ ಬಂದ ಮೇಲೆ ಅದು ಸುಮಾರು 3ಕ್ಕೆ ಇಳಿಯಿತು. ಎರಡು ವರ್ಷ ಬಿಟ್ಟು ಮತ್ತೆ ಕೇಳಿದಾಗ ಇನ್ನೂ ಕಡಿಮೆ. ರೈಲಿನ ದರ ವಾರದ ಸಂಬಳದಲ್ಲಿ ಎದ್ದು ಕಾಣುವಷ್ಟಿತ್ತು. ಹೆಚ್ಚಿನ ಮನೆಗಳಲ್ಲಿ ಟೆಲಿಫೋನ್ ಇರಲಿಲ್ಲ. ಗಂಡಂದಿರಿಗೆ ಕೆಲಸ ಇನ್ನೂ ಹಳೆಯ ಊರಿನಲ್ಲೇ ಇದ್ದುದರಿಂದ ಅವರು ದಾರಿಯಲ್ಲಿ ಅತ್ತೆಯನ್ನೋ ಅಮ್ಮನನ್ನೋ ಕಂಡು ಬರುತ್ತಿದ್ದರು. ಹೆಂಡತಿ ಮಾತ್ರ ನಾಲ್ಕು ಗೋಡೆಯ ನಡುವೆ. ತಾನು ಜ್ವರ ಬಂದು ಮಲಗಿದರೆ ಮಗುವನ್ನು ನೋಡಿಕೊಳ್ಳುವವರಿಲ್ಲ. ಹಳೆಯ ಊರಿಗಿಂತ ಇಲ್ಲಿ ಟೀವಿ ಕೊಂಡವರು ಹೆಚ್ಚು ಎಂಬುದನ್ನೂ ಸಂಶೋಧಕರು ಗುರುತಿಸಿದರು.

ಇಲ್ಲಿ ಯಾರೂ ಖಳನಾಯಕರಿಲ್ಲ ಎಂಬುದನ್ನು ಗಮನಿಸಬೇಕು. ಮಗಳು ತಾಯಿಯನ್ನು ತೊರೆಯಲಿಲ್ಲ, ತಾಯಿ ಮಗಳನ್ನು ಅಟ್ಟಲಿಲ್ಲ. ಕೌನ್ಸಿಲ್‌ನ ಉದ್ದೇಶವೂ ಒಳ್ಳೆಯದೇ. ಆದರೆ ಅದರ ಅರ್ಜಿಯಲ್ಲಿ ಎಷ್ಟು ಜನ, ಎಷ್ಟು ಕೋಣೆ, ಎಷ್ಟು ತೇವ ಎಂಬ ಕಲಮುಗಳಿದ್ದವೇ ಹೊರತು ತಾಯಿ ಎಲ್ಲಿದ್ದಾಳೆ ಎಂಬ ಕಲಮು ಇರಲಿಲ್ಲ. ಸ್ನಾನದ ಕೋಣೆಯನ್ನು ಲೆಕ್ಕ ಹಾಕಬಹುದು. ಬೆಳಗಿನ ಒಂದು ಲೋಟ ಚಹಾವನ್ನು ಯಾವ ಕಲಮಿನಲ್ಲಿ ಬರೆಯುವುದು?

ಈ ಪುಸ್ತಕಕ್ಕೆ ಟೀಕೆಗಳೂ ಬಂದವು. ಲೇಖಕರು ಹಳೆಯ ಬೀದಿಯ ಒಳಿತನ್ನು ಹೆಚ್ಚಾಗಿ, ಅಲ್ಲಿನ ಜಗಳ, ಹಂಗು, ಎಲ್ಲರ ಕಣ್ಗಾವಲನ್ನು ಕಡಿಮೆಯಾಗಿ ಹೇಳಿದರು ಎಂದು ನಂತರದ ವಿದ್ವಾಂಸರು ತೋರಿಸಿದ್ದಾರೆ. ತಾಯಿಯ ಮಾತಿನಿಂದ ಬಿಡಿಸಿಕೊಂಡು ಹೋಗಲು ಹಂಬಲಿಸಿದವರೂ ಅಲ್ಲಿ ಇದ್ದರು. ಅದೂ ಸತ್ಯವೇ. ಅತಿ ಹತ್ತಿರವಿದ್ದರೂ ಉಸಿರು ಕಟ್ಟುತ್ತದೆ.

ಆರುವ ಲೆಕ್ಕ

ಬೆತ್ನಲ್ ಗ್ರೀನ್‌ನ ತಾಯಿ ಮಾಡಿದ ಬಿಸಿ ಸೂಪು ಡೆಬ್ಡೆನ್ ತಲುಪುವಷ್ಟರಲ್ಲಿ ಎಷ್ಟು ಆರೀತು? ಪ್ರೌಢಶಾಲೆಯ ವಿದ್ಯಾರ್ಥಿಗಳೂ ಇದನ್ನು ಲೆಕ್ಕ ಮಾಡಬಹುದು. 1701ರಲ್ಲಿ ಐಸಾಕ್ ನ್ಯೂಟನ್ ತಂಪಾಗುವಿಕೆಯ ಬಗ್ಗೆ ಒಂದು ನಿಯಮವನ್ನು ಪ್ರಕಟಿಸಿದರು. ಬಿಸಿ ವಸ್ತು ಉಷ್ಣ ಕಳೆದುಕೊಳ್ಳುವ ವೇಗ, ಅದರ ಮತ್ತು ಸುತ್ತಲಿನ ಗಾಳಿಯ ಉಷ್ಣತೆಗಳ ವ್ಯತ್ಯಾಸವನ್ನು ಅವಲಂಬಿಸಿರುತ್ತದೆ. ವ್ಯತ್ಯಾಸ ಹೆಚ್ಚಿದ್ದರೆ ಬೇಗ ಆರುತ್ತದೆ, ಕಡಿಮೆಯಾದಂತೆ ನಿಧಾನ. ಸಮಾನ ಅವಧಿಗಳಲ್ಲಿ ಈ ವ್ಯತ್ಯಾಸ ಒಂದೇ ಪ್ರಮಾಣದಲ್ಲಿ ಇಳಿಯುತ್ತ ಹೋಗುತ್ತದೆ.

ಸೂಪಿನ ಉಷ್ಣತೆ 85 ಡಿಗ್ರಿ ಸೆಲ್ಸಿಯಸ್, ಚಳಿಗಾಲದ ಲಂಡನ್ನಿನ ಗಾಳಿ 5 ಡಿಗ್ರಿ ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 80. ಮುಚ್ಚಳವಿರುವ ಒಂದು ಪಾತ್ರೆಯಲ್ಲಿ ಮೊದಲ 5 ನಿಮಿಷದಲ್ಲಿ ಈ ವ್ಯತ್ಯಾಸ 70ಕ್ಕೆ ಇಳಿಯಿತು ಎಂದು ಭಾವಿಸಿದರೆ, ಅಂದರೆ ಎಂಟರಲ್ಲಿ ಏಳು ಪಾಲು ಉಳಿದರೆ, ಸೂಪು 75 ಡಿಗ್ರಿಗೆ ಬಂದಿರುತ್ತದೆ. ಚೆನ್ನಾಗಿ ಬಿಸಿಯಿದೆ. ಇದೇ ಪ್ರಮಾಣದಲ್ಲಿ 10 ನಿಮಿಷಕ್ಕೆ 66, 15 ನಿಮಿಷಕ್ಕೆ 59. ಡೆಬ್ಡೆನ್‌ನ ಅರ್ಧ ಗಂಟೆ ಮುಗಿಯುವಾಗ ಉಳಿಯುವುದು ಬರೀ 41 ಡಿಗ್ರಿ. ಮೈಯ ಬಿಸಿಗಿಂತ ತುಸು ಹೆಚ್ಚು, ಅಷ್ಟೆ. ಅದೇ ಪಾತ್ರೆಯನ್ನು 25 ಡಿಗ್ರಿಯ ಹಿತವಾದ ಹವೆಯಲ್ಲಿ ಒಯ್ದರೆ ಅರ್ಧ ಗಂಟೆಯ ನಂತರ ಸುಮಾರು 52 ಡಿಗ್ರಿ ಉಳಿದೀತು. ಚಳಿಯ ದೇಶದಲ್ಲಿ ತಾಯಿ ಇನ್ನಷ್ಟು ಹತ್ತಿರ ಇರಬೇಕು ಎಂದಾಯಿತು!

ಪಾತ್ರೆಯ ಗಾತ್ರವೂ ಮುಖ್ಯ. ಒಂದೇ ಆಕಾರದ ಪಾತ್ರೆಯನ್ನು ಎಲ್ಲ ದಿಕ್ಕಿನಲ್ಲೂ ಎರಡು ಪಟ್ಟು ದೊಡ್ಡದು ಮಾಡಿದರೆ ಹಿಡಿಯುವ ಸಾರು 8 ಪಟ್ಟಾಗುತ್ತದೆ, ಬಿಸಿ ಸೋರುವ ಮೈ ಮಾತ್ರ 4 ಪಟ್ಟು. ಹೀಗಾಗಿ ಮನೆಮಂದಿಗೆಲ್ಲ ಮಾಡಿದ ದೊಡ್ಡ ಪಾತ್ರೆಯ ಸಾರು ನಿಧಾನವಾಗಿ ಆರುತ್ತದೆ, ಒಬ್ಬರಿಗೆಂದು ಬಟ್ಟಲಿಗೆ ಹಾಕಿದ ಸಾರು ಬೇಗ ಆರುತ್ತದೆ. ಮನೆಯಲ್ಲಿ ಉಷ್ಣಮಾಪಕವಿದ್ದರೆ ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಿ ಗ್ರಾಫ್ ಹಾಕಬಹುದು. ತೆರೆದ ಪಾತ್ರೆಯಲ್ಲಿ ಆವಿಯೊಂದಿಗೂ ಉಷ್ಣ ಹೋಗುವುದರಿಂದ ಗೆರೆ ತುಸು ಬೇರೆಯಾಗಿ ಬರುತ್ತದೆ.

ಬಿಸಿ ಕಾಯ್ದುಕೊಳ್ಳುವ ಉಪಾಯ ಹುಟ್ಟಿದ್ದೂ ಲಂಡನ್ನಿನಲ್ಲೇ. ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದ ಜೇಮ್ಸ್ ಡೇವರ್ 1892ರಲ್ಲಿ ಎರಡು ಗೋಡೆಗಳ ನಡುವಿನ ಗಾಳಿಯನ್ನು ತೆಗೆದು ನಿರ್ವಾತ ಫ್ಲಾಸ್ಕ್ ಮಾಡಿದರು. ಅವರಿಗೆ ಬೇಕಿದ್ದುದು ಅತಿ ತಣ್ಣನೆಯ ದ್ರವಾನಿಲಗಳನ್ನು ಕಾಪಾಡುವ ಪಾತ್ರೆ. ನಿರ್ವಾತದಲ್ಲಿ ವಹನವೂ ಇಲ್ಲ, ಸಂವಹನವೂ ಇಲ್ಲ. ಬೆಳ್ಳಿ ಲೇಪಿಸಿದ ಗಾಜು ವಿಕಿರಣವನ್ನು ಹಿಂದಕ್ಕೆ ಕಳಿಸುತ್ತದೆ. ಫ್ಲಾಸ್ಕಿನಲ್ಲಿ ತುಂಬಿದರೆ ಸೂಪು ಡೆಬ್ಡೆನ್‌ಗೇನು, ಇನ್ನೂ ದೂರಕ್ಕೆ ಬಿಸಿಯಾಗಿಯೇ ಹೋಗುತ್ತದೆ. ಆದರೆ ಅದನ್ನು ಹಿಡಿದು ರೈಲು ಹತ್ತುವವರು ಯಾರು? ತಾಯಿಗೆ ಮಂಡಿನೋವು, ಮಗಳಿಗೆ ಕೈಗೂಸು. ಶೆಲ್ಡನ್ ಅಳೆದದ್ದು ನಿಜವಾಗಿ ಉಷ್ಣವನ್ನಲ್ಲ, ವಯಸ್ಸಾದ ಕಾಲುಗಳು ಸಹಜವಾಗಿ ನಡೆದು ಹೋಗಿ ಬರುವ ದೂರವನ್ನು.

ದೇಶ ಒಂದು, ದೂರ ಒಂದು

ಎಲ್ಲ ದೇಶಗಳಲ್ಲೂ ಈ ದೂರ ಒಂದೇ ಇಲ್ಲ. ಯುರೋಪಿನಲ್ಲಿ 2004ರಿಂದ ನಡೆಯುತ್ತಿರುವ ವೃದ್ಧರ ದೊಡ್ಡ ಸಮೀಕ್ಷೆಯೊಂದು ಉತ್ತರ ದಕ್ಷಿಣಗಳ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸಿದೆ. ಇಟಲಿ, ಸ್ಪೇನ್, ಗ್ರೀಸ್ ದೇಶಗಳಲ್ಲಿ ಬೆಳೆದ ಮಕ್ಕಳು ತಾಯಿಯ ಮನೆಯಲ್ಲೇ ಇಲ್ಲವೇ ಕೂಗಳತೆಯಲ್ಲಿ ಇರುವುದು ಹೆಚ್ಚು. ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಮಕ್ಕಳು ಬೇಗ ಮನೆ ಬಿಡುತ್ತಾರೆ, ದೂರ ಹೋಗುತ್ತಾರೆ. ಆದರೆ ಉತ್ತರದವರಿಗೆ ಅಕ್ಕರೆ ಕಡಿಮೆ ಎಂದು ತೀರ್ಮಾನಿಸುವುದು ತಪ್ಪು. ಅಲ್ಲಿ ಸ್ನಾನ ಮಾಡಿಸುವುದು, ಔಷಧಿ ಕೊಡುವುದು ಮುಂತಾದ ಭಾರದ ಕೆಲಸಗಳನ್ನು ಸರ್ಕಾರದ ಸೇವಕಿಯರು ನೋಡಿಕೊಳ್ಳುತ್ತಾರೆ. ಮಕ್ಕಳು ಬಂದು ಹೋಗುತ್ತಾರೆ, ಸಣ್ಣಪುಟ್ಟ ಸಹಾಯ ಮಾಡುತ್ತಾರೆ. ದಕ್ಷಿಣದಲ್ಲಿ ಇಡೀ ಭಾರ ಮನೆಯವರ ಮೇಲೆ, ಅದರಲ್ಲೂ ಹೆಣ್ಣುಮಕ್ಕಳ ಮೇಲೆ.

ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ವೃದ್ಧರನ್ನೇ ಮಾತನಾಡಿಸಿ ಅಧ್ಯಯನ ಮಾಡಿದ ಲಿಯೊಪೋಲ್ಡ್ ರೋಸೆನ್‌ಮಾಯರ್ ಮತ್ತು ಈವಾ ಕೋಕೈಸ್ 1960ರ ದಶಕದಲ್ಲಿ ಒಂದು ಹೊಸ ಮಾತನ್ನು ಬಳಕೆಗೆ ತಂದರು. 'ಅಂತರವಿಟ್ಟು ಆತ್ಮೀಯತೆ'. ಅನೇಕ ವೃದ್ಧರಿಗೆ ಮಕ್ಕಳ ಮನೆಯೊಳಗೆ ಇರುವುದು ಬೇಡ, ಮಕ್ಕಳು ದೂರವಾಗುವುದೂ ಬೇಡ. ತಮ್ಮ ಒಲೆ ತಮಗಿರಲಿ, ಕರೆದರೆ ಕೇಳುವಷ್ಟು ಹತ್ತಿರ ಮಕ್ಕಳಿರಲಿ ಎಂಬುದು ಅವರ ಆಸೆ.

ಅಮೆರಿಕದಲ್ಲಿ ಎಲ್ಲರೂ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರುತ್ತಾರೆ ಎಂಬ ಭಾವನೆ ಇದೆ. 2015ರಲ್ಲಿ ಅಲ್ಲಿನ ಪತ್ರಿಕೆಯೊಂದು ಸಮೀಕ್ಷೆಯ ಅಂಕಿಅಂಶಗಳಿಂದ ಲೆಕ್ಕ ಹಾಕಿದಾಗ ಸಿಕ್ಕ ಉತ್ತರ ಬೇರೆಯೇ. ಮಕ್ಕಳನ್ನು ದೂರದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವವರು ತಾಯಿಯಿಂದ 18 ಮೈಲಿ, ಅಂದರೆ ಸುಮಾರು 29 ಕಿಲೋಮೀಟರ್ ದೂರದಲ್ಲಿದ್ದರು. ಹೆಚ್ಚು ಓದಿದವರು, ಹೆಚ್ಚು ಸಂಬಳದವರು ಇನ್ನೂ ದೂರ. ಕೈ ಬಿಗಿ ಇರುವವರು ಹತ್ತಿರ. ಹತ್ತಿರವಿರುವವರಿಗೆ ಅಜ್ಜಿಯ ನೆರವೇ ಮಗುವಿನ ಪಾಲನಾ ಕೇಂದ್ರ.

ಕೆಲವು ದೇಶಗಳು ಬ್ರಿಟನ್ನಿನ ಕೌನ್ಸಿಲ್ ಮರೆತ ಕಲಮನ್ನು ಅರ್ಜಿಯಲ್ಲಿ ಸೇರಿಸಿವೆ. ಸಿಂಗಪುರದ ವಸತಿ ಮಂಡಳಿ 2015ರಲ್ಲಿ, ತಂದೆತಾಯಿಯ ಜೊತೆಗೆ ಅಥವಾ ಹತ್ತಿರದಲ್ಲಿ ಫ್ಲಾಟ್ ಕೊಳ್ಳುವ ಮಕ್ಕಳಿಗೆ ಹಣದ ನೆರವು ನೀಡುವ ಯೋಜನೆ ತಂದಿತು. ಮೊದಲು 'ಹತ್ತಿರ' ಎಂದರೆ ಅದೇ ಬಡಾವಣೆ ಅಥವಾ 2 ಕಿಲೋಮೀಟರ್ ಎಂದಿತ್ತು. 2018ರಲ್ಲಿ ಅದನ್ನು 4 ಕಿಲೋಮೀಟರಿಗೆ ಹಿಗ್ಗಿಸಲಾಯಿತು. ಜಪಾನಿನಲ್ಲಿ ಸರ್ಕಾರಿ ಬಾಡಿಗೆ ಮನೆಗಳ ಸಂಸ್ಥೆ, ತಂದೆತಾಯಿಯ ಸಮೀಪ ಮನೆ ಹಿಡಿಯುವ ಕುಟುಂಬಗಳಿಗೆ ಬಾಡಿಗೆಯಲ್ಲಿ ರಿಯಾಯಿತಿ ಕೊಡುತ್ತ ಬಂದಿದೆ. ಸೂಪಿನ ಮಾತು ಸರ್ಕಾರಿ ನಿಯಮದೊಳಗೂ ಬಂದಂತಾಯಿತು.

ಮತ್ತೆ ಬೆತ್ನಲ್ ಗ್ರೀನ್‌ಗೆ

ಇಂದಿನ ಬೆತ್ನಲ್ ಗ್ರೀನ್ ರಸ್ತೆಯಲ್ಲಿ ಹಳೆಯ ಇಂಗ್ಲಿಷ್ ಅಂಗಡಿಗಳ ಪಕ್ಕದಲ್ಲೇ ಬಂಗಾಳಿ ಫಲಕಗಳಿವೆ, ಸೀರೆಯಂಗಡಿಗಳಿವೆ, ಸಿಲೆಟ್ ಕಡೆಯ ಮೀನು ಸಿಗುತ್ತದೆ. ಈ ಪ್ರದೇಶವನ್ನು ಒಳಗೊಂಡ ಟವರ್ ಹ್ಯಾಮ್ಲೆಟ್ಸ್ ಆಡಳಿತ ಘಟಕದಲ್ಲಿ 2021ರ ಜನಗಣತಿಯ ಪ್ರಕಾರ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬಾಂಗ್ಲಾದೇಶ ಮೂಲದವರು. ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ಒಂದೇ ಫ್ಲಾಟಿನಲ್ಲಿರುವ ಮನೆಗಳು ಇಲ್ಲಿ ಸಾಮಾನ್ಯ. ಹಳೆಯ ತಾಯಂದಿರ ಬೀದಿಗಳಲ್ಲಿ ಈಗ ಹೊಸ ತಾಯಂದಿರಿದ್ದಾರೆ.

ಈ ಬದಲಾವಣೆ ಸುಲಭದ್ದಾಗಿರಲಿಲ್ಲ. ಕೌನ್ಸಿಲ್ ಮನೆಗಳನ್ನು ಸ್ಥಳೀಯರ ಮಕ್ಕಳಿಗೆ ಮೊದಲು ಕೊಡಬೇಕೇ, ಹೆಚ್ಚು ಕಷ್ಟದಲ್ಲಿರುವವರಿಗೆ ಮೊದಲು ಕೊಡಬೇಕೇ ಎಂಬ ವಿವಾದ ಇಲ್ಲಿ ದಶಕಗಳ ಕಾಲ ಉರಿಯಿತು. ಯಂಗ್ 2002ರಲ್ಲಿ ತೀರಿಕೊಂಡರು. ಅವರು ಇಬ್ಬರು ಸಹಲೇಖಕರೊಡನೆ ಇದೇ ವಿಷಯ ಕುರಿತು ಸಿದ್ಧಪಡಿಸಿದ ಪುಸ್ತಕ 2006ರಲ್ಲಿ ಬಂದು ಮತ್ತೆ ಚರ್ಚೆ ಎಬ್ಬಿಸಿತು. ಪ್ರಶ್ನೆ ಕಠಿಣವಾದದ್ದೇ. ತಾಯಿಯ ಶಿಫಾರಸಿನಿಂದ ಮಗಳಿಗೆ ಮನೆ ಸಿಕ್ಕರೆ, ಆ ಊರಿನಲ್ಲಿ ತಾಯಿಯೇ ಇಲ್ಲದ ಹೊಸಬರ ಗತಿಯೇನು? ಹತ್ತಿರದ ಸುಖಕ್ಕೂ ಒಂದು ಬೆಲೆಯಿದೆ, ಅದನ್ನು ಕೆಲವೊಮ್ಮೆ ಬೇರೆಯವರು ತೆರಬೇಕಾಗುತ್ತದೆ.

ಊರಿನ ಇನ್ನೊಂದು ಹೆಗ್ಗುರುತು ಕೀಲಿಂಗ್ ಹೌಸ್. ವಾಸ್ತುಶಿಲ್ಪಿ ಡೆನಿಸ್ ಲಾಸ್‌ಡನ್ ರೂಪಿಸಿದ ಈ 16 ಮಹಡಿಯ ಕಟ್ಟಡ ಯಂಗ್ ಮತ್ತು ವಿಲ್ಮಟ್‌ರ ಪುಸ್ತಕದಷ್ಟೇ ಹಳೆಯದು. ಹಳೆಯ ಬೀದಿಯ ನೆರೆಹೊರೆಯನ್ನು ನೆಟ್ಟಗೆ ನಿಲ್ಲಿಸಿ ಉಳಿಸಿಕೊಳ್ಳಬೇಕು ಎಂಬುದು ಅವರ ಆಶಯ. ಕಟ್ಟಡ ಶಿಥಿಲವಾಗಿ 1990ರ ದಶಕದಲ್ಲಿ ಖಾಲಿಯಾಯಿತು, ಆಮೇಲೆ ಖಾಸಗಿಯವರ ಕೈಸೇರಿತು. ಕೂಲಿಕಾರರಿಗೆಂದು ಕಟ್ಟಿದ ಫ್ಲಾಟುಗಳು ಈಗ ಕೂಲಿಕಾರರಿಗೆ ನಿಲುಕುವುದಿಲ್ಲ. ಬೆತ್ನಲ್ ಗ್ರೀನ್‌ನಲ್ಲಿ ಬೆಳೆದ ಮಗಳು ಇಂದು ಅಮ್ಮನ ಬೀದಿಯಲ್ಲಿ ಮನೆ ಹಿಡಿಯಬೇಕಾದರೆ ಶಿಫಾರಸು ಸಾಲದು, ಭಾರಿ ಸಂಬಳವೇ ಬೇಕು.

ಹಾಗಾದರೆ ಒಮ್ಮೆ ಕಡಿದ ಎಳೆ ಮತ್ತೆ ಕೂಡುವುದಿಲ್ಲವೇ? ಕೂಡುತ್ತದೆ ಎಂಬುದಕ್ಕೂ ವಿಲ್ಮಟ್ ಅವರಲ್ಲೇ ಸಾಕ್ಷಿಯಿದೆ. ಅವರು ಮುಂದೆ ಡ್ಯಾಗೆನ್‌ಹ್ಯಾಮ್ ಪ್ರದೇಶಕ್ಕೆ ಹೋದರು. ಅಲ್ಲಿನ ಬೆಕಂಟ್ರಿ ಬಡಾವಣೆಯನ್ನು 1920ರ ಮತ್ತು 30ರ ದಶಕಗಳಲ್ಲೇ ಪೂರ್ವ ಲಂಡನ್ನಿನವರಿಗಾಗಿ ಕಟ್ಟಲಾಗಿತ್ತು. ಸುಮಾರು ನಾಲ್ಕು ದಶಕಗಳ ಬಳಿಕ ಅವರು ನೋಡಿದಾಗ, ಬಡಾವಣೆಗೆ ಒಂಟಿಯಾಗಿ ಬಂದಿದ್ದ ಅಂದಿನ ಸೊಸೆಯಂದಿರು ಅಜ್ಜಿಯರಾಗಿದ್ದರು. ಹತ್ತಿರದಲ್ಲಿ ಮನೆ ಸಿಕ್ಕ ಮಕ್ಕಳು ಅವರ ಸುತ್ತಲೇ ನೆಲೆಸಿದ್ದರು. ಬೆತ್ನಲ್ ಗ್ರೀನ್‌ನ ಹಳೆಯ ಬೀದಿಯಂತೆಯೇ ತಾಯಿಮಗಳ ಬಳಕೆ ಅಲ್ಲಿ ಮತ್ತೆ ಚಿಗುರಿತ್ತು. ಮನೆ ಸಿಗದ ಮಕ್ಕಳು ಮಾತ್ರ ದೂರ ಹೋಗಬೇಕಾಯಿತು. 1963ರಲ್ಲಿ ಪ್ರಕಟವಾದ ಈ ಅಧ್ಯಯನದ ಪಾಠ ಸರಳ. ತಾಯಿಮಕ್ಕಳ ಅಂತರವನ್ನು ನಿರ್ಧರಿಸುವುದು ಮನಸ್ಸು ಮಾತ್ರವಲ್ಲ, ಮನೆ, ಬಾಡಿಗೆ, ರೈಲಿನ ದರ, ಕೆಲಸದ ಜಾಗಗಳೂ ಹೌದು.

ಮಕ್ಕಳ ಒಳಿತಿಗೆಂದು ಅಮ್ಮನ ಬೀದಿಯನ್ನು ಬಿಟ್ಟ ಡೆಬ್ಡೆನ್‌ನ ತಂದೆತಾಯಿಗಳ ಕಥೆ ಕನ್ನಡದ ಮನೆಗಳಿಗೂ ಅಪರಿಚಿತವಲ್ಲ. ಮಕ್ಕಳ ಓದಿಗೆಂದು ಹಳ್ಳಿ ಬಿಟ್ಟು ಪಟ್ಟಣ ಸೇರಿದವರ ಮಕ್ಕಳು ಕಾಲೇಜಿಗೆಂದು ಬೆಂಗಳೂರಿಗೆ, ಅಲ್ಲಿಂದ ಕೆಲಸಕ್ಕೆಂದು ವಿದೇಶಕ್ಕೆ ಹೋಗುತ್ತಾರೆ. ಮಗಳ ಬಾಣಂತನಕ್ಕೆಂದು ಸಾರಿನ ಪುಡಿ, ಬಾಣಂತಿ ಲೇಹ್ಯ ಕಟ್ಟಿಕೊಂಡು ತಾಯಂದಿರು ಅಮೆರಿಕದ ವಿಮಾನ ಹತ್ತುತ್ತಾರೆ. ಬೆತ್ನಲ್ ಗ್ರೀನ್‌ನ ತಾಯಿ ಐದು ನಿಮಿಷ ನಡೆದು ಮಾಡುತ್ತಿದ್ದ ಕೆಲಸಕ್ಕೆ ಇವರು ಕಡಲುಗಳನ್ನು ದಾಟಬೇಕು. ವೀಸಾದ ಅವಧಿ ಮುಗಿದ ದಿನ ಮರಳಲೇಬೇಕು.

ಮಕ್ಕಳು ಓದಬಾರದು, ದೂರ ಹೋಗಬಾರದು ಎಂದು ಇದರರ್ಥವಲ್ಲ. ಹೋಗುವಾಗ ಹಾಕುವ ಲೆಕ್ಕದಲ್ಲಿ ಈ ಒಂದು ಕಲಮೂ ಇರಲಿ ಎಂದಷ್ಟೇ. ಕಾಲೇಜಿನ ಶುಲ್ಕ, ಹಾಸ್ಟೆಲ್ಲಿನ ಖರ್ಚು, ಮುಂದಿನ ಸಂಬಳ ಇವೆಲ್ಲವನ್ನೂ ಮನೆಮಂದಿ ಕುಳಿತು ಲೆಕ್ಕ ಹಾಕುತ್ತಾರೆ. ಇಪ್ಪತ್ತು ವರ್ಷದ ನಂತರ ಅಮ್ಮ ಎಲ್ಲಿರುತ್ತಾರೆ, ಅವರಿಗೆ ಜ್ವರ ಬಂದ ದಿನ ಸಾರು ಕೊಂಡೊಯ್ಯುವವರು ಯಾರು ಎಂಬುದನ್ನು ಮಾತ್ರ ಯಾರೂ ಬರೆದಿಡುವುದಿಲ್ಲ.

ರಾತ್ರಿ ಫೋನಿನಲ್ಲಿ ದೂರದ ಮಗನಿಗೋ ಮಗಳಿಗೋ ಕನ್ನಡದ ತಾಯಿ ಮೊದಲು ಕೇಳುವ ಪ್ರಶ್ನೆ 'ಊಟ ಆಯ್ತಾ?' ಬೆತ್ನಲ್ ಗ್ರೀನ್‌ನ ಎರಡು ಬೀದಿಯಾಚೆಯ ತಾಯಿಗೆ ಈ ಪ್ರಶ್ನೆ ಕೇಳುವ ಅಗತ್ಯವೇ ಇರಲಿಲ್ಲ. ಆಗಿದೆಯೋ ಇಲ್ಲವೋ ಎಂಬುದು ಅವಳಿಗೆ ಗೊತ್ತಿರುತ್ತಿತ್ತು.